ಮೇ ತಿಂಗಳಲ್ಲಿ ಬಂದರು ಸುತ್ತಿದ್ದು: ಮೂರನೇ ಸಲ ಕೈಗೂಡಿತು

"ಮೇ ತಿಂಗಳಲ್ಲಿ ಕರಾವಳಿಗಾ? ಬೆಂದು ಬರ್ತೀರಿ ಅಷ್ಟೇ" ಎಂದು ನಮ್ಮ ಭಾವ ನಕ್ಕಿದ್ದರು. ಈಗ ಅವರೇ ರೈಲಿನ ಸಮಯ ಕೇಳುತ್ತಿದ್ದಾರೆ.

ನಗಲು ಕಾರಣ ಇತ್ತು ಬಿಡಿ. ಮೊದಲ ಸಲ ಕಡಲೆದುರಿನ ರೆಸಾರ್ಟು, ರಾತ್ರಿಗೆ ಆರೂವರೆ ಸಾವಿರ. ಎಸಿ ಬಿಟ್ಟು ಹೊರಗೆ ಬರಲಾಗಲಿಲ್ಲ. ಹತ್ತಿರ ಹತ್ತಿರ ಮೂವತ್ತು ಸಾವಿರ ಸುರಿದು ನೋಡಿದ್ದು ಕಿಟಕಿಯಲ್ಲಿ ಕಂಡಷ್ಟೇ ಕಡಲು. ಎರಡನೇ ಸಲ ಬಿಸಿಲು ತಪ್ಪಿಸೋಣ ಎಂದು ಜೂನ್ ಮೊದಲ ವಾರ ಹೋದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಅನ್ನೋದು ನೆನಪೇ ಆಗಲಿಲ್ಲ! ಮಲ್ಪೆಯಲ್ಲಿ ಬೋಟುಗಳು ಒತ್ತೊತ್ತಾಗಿ ನಿಂತಿದ್ದವು. ಹರಾಜಿನ ಗಲಾಟೆಯೂ ಇಲ್ಲ, ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯೂ ಇಲ್ಲ. ಎರಡು ದಿನ ಮಳೆ ನೋಡಿಕೊಂಡು ವಾಪಸ್.

ಈ ಸಲ ಮತ್ತೆ ಮೇ ತಿಂಗಳೇ. ಆದರೆ ದಿನವನ್ನು ಎರಡು ತುಂಡು ಮಾಡಿದೆ. ಬೆಳಿಗ್ಗೆ ಐದೂವರೆಯಿಂದ ಒಂಬತ್ತು ಬಂದರು. ಹನ್ನೊಂದರಿಂದ ನಾಲ್ಕು ಫ್ಯಾನಿನ ಕೆಳಗೆ ನಿದ್ದೆ. ಸಂಜೆ ಮತ್ತೆ ಹೊರಗೆ. ಬೆಂಗಳೂರಿನಿಂದ ಪಂಚಗಂಗಾ ರೈಲಲ್ಲಿ ಕುಂದಾಪುರ. ಗಂಗೊಳ್ಳಿ ಹೊಳೆಯಾಚೆ ಎದುರಿಗೇ ಕಾಣುತ್ತದೆ, ಆದರೆ ರಸ್ತೆ ಹೆಮ್ಮಾಡಿ, ತ್ರಾಸಿ ಸುತ್ತಿ ಹೋಗುತ್ತದೆ. ಆಮೇಲೆ ಹೊನ್ನಾವರ, ತದಡಿ, ಕಾರವಾರದ ಬೈತಖೋಲ. ಮಲಗಿದ್ದೆಲ್ಲ ಪೇಟೆಯ ಲಾಡ್ಜುಗಳಲ್ಲಿ, ಎಂಟುನೂರು ಒಂಬೈನೂರಕ್ಕೆ. ಇಬ್ಬರಿಗೆ ಐದು ದಿನಕ್ಕೆ ಹನ್ನೊಂದು ಸಾವಿರದ ಆಸುಪಾಸು ಆಯಿತು. ಬೂಟು ಹಾಕಿಕೊಂಡು ಮೀನಿನ ಹರಾಜಿಗೆ ಹೋಗಿದ್ದು ಮಾತ್ರ ತಪ್ಪು. ಐಸ್ ನೀರು ಒಳಗೆ ಹೋಗಿ ಆ ಬೂಟು ಅಲ್ಲೇ ಬಿಟ್ಟು ಬಂದೆ. ರಬ್ಬರ್ ಚಪ್ಪಲಿ, ಒಂದು ಕೊಡೆ ಸಾಕು.

ತದಡಿ ಹತ್ತಿರದ ಸಾಣಿಕಟ್ಟದಲ್ಲಿ ಉಪ್ಪಿನ ಆಗರ ನೋಡಿದೆವು. ಅಲ್ಲಿ ಉಪ್ಪು ಕಟ್ಟುವುದೇ ಈ ಸುಡುಬಿಸಿಲಿಗೆ. ಮಳೆ ಹಿಡಿದರೆ ಕೆಲಸ ಮುಗಿಯಿತು. ಬೇಸಿಗೆ ಬಿಟ್ಟು ಬೇರೆ ಯಾವಾಗ ಹೋಗಬೇಕು, ಹೇಳಿ? ಸ್ಕೂಟರನ್ನೂ ಬಾರ್ಜಿಗೆ, ಅಂದರೆ ವಾಹನ ದಾಟಿಸುವ ಚಪ್ಪಟೆ ದೋಣಿಗೆ, ಹತ್ತಿಸಿ ಅಘನಾಶಿನಿ ದಾಟಿದೆವು. ಆ ಸ್ಕೂಟರ್ ಯಾರದು, ಸಂಜೆ ಎಲ್ಲಿ ಕೂತು ಸೂರ್ಯ ಮುಳುಗುವುದು ನೋಡಿದೆವು ಅಂತ ಕೇಳಬೇಡಿ. ಮುಂದಿನ ವರ್ಷ ನನಗೇ ಜಾಗ ಸಿಗಲ್ಲ.

ಸುಮ್ನೆ ಮೀನಿನ ಹೆಸರೂ ಬರೆದುಕೊಂಡೆ. ಮಲ್ಪೆಯ ಭೂತಾಯಿ ಗಂಗೊಳ್ಳಿಯಲ್ಲಿ ಬೈಗೆ, ಕಾರವಾರದಲ್ಲಿ ತಾರ್ಲೆ. ಅಂಜಲ್ ಮೀನಿಗೆ ಕಾರವಾರದಲ್ಲಿ ಇಸ್ವಾಣ ಅಂತಾರೆ. ಹೆಂಡತಿಗೆ ಇದಕ್ಕಿಂತ ಅಂಕೋಲೆಯ ಕರಿ ಇಶಾಡ ಮಾವು ಜಾಸ್ತಿ ಹಿಡಿಸಿತು. ಎರಡು ಡಜನ್ ಕಟ್ಟಿಸಿಕೊಂಡೆವು. ಸಿಪ್ಪೆ ತೀರಾ ತೆಳು. ಬೆಂಗಳೂರು ಸೇರುವಷ್ಟರಲ್ಲಿ ಅರ್ಧ ಚೀಲದಲ್ಲೇ ರಸವಾಗಿತ್ತು. ಉಳಿದದ್ದರಲ್ಲಿ ಎರಡನ್ನು ಭಾವನಿಗೆ ಕೊಟ್ಟೆ.