‘ಶೇ 2ರ ಪಟ್ಟಿ’ಯಲ್ಲಿ ಡಾಕ್ಟರ ಹೆಸರು ಕಂಡರೆ ಏನೇನು ನೋಡಬೇಕು?

ಪ್ರತಿ ವರ್ಷ ಜಿಲ್ಲಾ ಪುಟಗಳಲ್ಲಿ ಒಂದು ಸುದ್ದಿ ಬರುತ್ತದೆ. ನಮ್ಮೂರಿನ ಮೆಡಿಕಲ್ ಕಾಲೇಜಿನ ಪ್ರಾಧ್ಯಾಪಕರು ಜಗತ್ತಿನ ಶೇ 2ರಷ್ಟು ಅಗ್ರ ವಿಜ್ಞಾನಿಗಳ ಪಟ್ಟಿಯಲ್ಲಿದ್ದಾರೆ ಅಂತ. ಇದು ಸ್ಟ್ಯಾನ್‌ಫರ್ಡ್‌ನ ಜಾನ್ ಅಯೊನಿಡಿಸ್ ತಂಡ ಸ್ಕೋಪಸ್ ಎಂಬ ಸಂಶೋಧನಾ ಪೇಪರ್‌ಗಳ ದತ್ತಾಂಶ ಸಂಗ್ರಹದ ಮಾಹಿತಿಯಿಂದ ಮಾಡುವ ಪಟ್ಟಿ. ಖುಷಿಯ ವಿಷಯವೇ. ಆದರೆ ಪಿ.ಜಿ. ಸೇರಿ ಗೈಡ್ ಹುಡುಕುತ್ತಿರುವವರಿಗೆ ಆ ಸುದ್ದಿಯಷ್ಟೇ ಸಾಲದು. ಸಂಶೋಧಕರ ದಾಖಲೆಯನ್ನು ನೀವೇ ನೋಡಬಹುದು. ದುಡ್ಡು ಬೇಡ, ಫೋನ್ ಸಾಕು.

ಮೊದಲು ಹೆಸರು ಸರಿಮಾಡಿಕೊಳ್ಳಿ. ಇದೇ ಎಲ್ಲಕ್ಕಿಂತ ತಲೆನೋವಿನ ಕೆಲಸ. ನಮ್ಮಲ್ಲಿ ಬಹಳ ಜನಕ್ಕೆ ಮನೆತನದ ಹೆಸರೇ ಇಲ್ಲ, ಊರಿನ ಮತ್ತು ಅಪ್ಪನ ಹೆಸರಿನ ಇನಿಷಿಯಲ್ ಮಾತ್ರ. ವಿದೇಶಿ ಜರ್ನಲ್‌ಗಳು ಕೊನೆಯ ಹೆಸರು ಕೇಳುತ್ತವೆ, ಆಗ ಒಮ್ಮೆ ಅಪ್ಪನ ಹೆಸರು, ಇನ್ನೊಮ್ಮೆ ಸ್ವಂತ ಹೆಸರು ಆ ಜಾಗಕ್ಕೆ ಹೋಗಿ ಒಬ್ಬರೇ ಇಬ್ಬರಾಗಿ ಕಾಣುತ್ತಾರೆ. ‘ರಾವ್ ಎಸ್’ ಅಂತ ಹುಡುಕಿದರೆ ಇದಕ್ಕೆ ಉಲ್ಟಾ: ಎಷ್ಟೋ ಜನ ಒಬ್ಬರಾಗಿಬಿಡುತ್ತಾರೆ. ಅದಕ್ಕೇ 2012ರಲ್ಲಿ ಆರ್ಕಿಡ್ ಅನ್ನೋ 16 ಅಂಕಿಯ ಗುರುತಿನ ಸಂಖ್ಯೆ ಶುರುವಾಯಿತು. ಅದು ಇದ್ದರೆ ಅಲ್ಲಿಂದಲೇ ಶುರುಮಾಡಿ. ಇಲ್ಲದಿದ್ದರೆ ಪಬ್‌ಮೆಡ್ ಎಂಬ ವೈದ್ಯಕೀಯ ಪೇಪರ್‌ಗಳ ಹುಡುಕುತಾಣದಲ್ಲಿ ಹೆಸರಿನ ಜತೆ ಕಾಲೇಜಿನ ಹೆಸರನ್ನೂ ಹಾಕಿ ಹುಡುಕಿ.

ಪೇಪರ್‌ಗಳ ಪಟ್ಟಿ ಸಿಕ್ಕ ಮೇಲೆ ಸಂಖ್ಯೆ ಎಣಿಸಬೇಡಿ, ಹೆಸರು ಎಲ್ಲಿದೆ ನೋಡಿ. ವೈದ್ಯಕೀಯದಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಕೆಲಸ ಮಾಡಿದವರದ್ದು, ಕೊನೆಯದು ತಂಡ ನಡೆಸಿದ ಹಿರಿಯರದ್ದು. ನಡುವೆ ಇರುವವರ ಪಾಲು ಜಾಸ್ತಿಯೂ ಇರಬಹುದು, ಕಡಿಮೆಯೂ ಇರಬಹುದು. ಜಾಗತಿಕ ರೋಗಹೊರೆ ಅಧ್ಯಯನದಂಥ ಪೇಪರ್‌ಗಳಲ್ಲಿ ನೂರಾರು ಲೇಖಕರು, ಸೈಟೇಷನ್ (ಬೇರೆ ಪೇಪರ್‌ಗಳಲ್ಲಿ ಬಂದ ಉಲ್ಲೇಖ) ಸಾವಿರಾರು. ಅದೆಲ್ಲ ಪ್ರತಿಯೊಬ್ಬರ ಲೆಕ್ಕಕ್ಕೂ ಪೂರ್ತಿ ಸೇರುತ್ತದೆ.

ಇನ್ನು ಎಚ್-ಇಂಡೆಕ್ಸ್. 2005ರಲ್ಲಿ ಹೋರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ ಸೂಚಿಸಿದ ಅಳತೆ. ಐದು ಪೇಪರ್‌ಗೆ ಕ್ರಮವಾಗಿ 40, 12, 6, 4, 1 ಸೈಟೇಷನ್ ಬಂದಿದ್ದರೆ, ಕನಿಷ್ಠ 4 ಸಲ ಉಲ್ಲೇಖವಾದ ಪೇಪರ್ 4 ಇವೆ, ಹಾಗಾಗಿ ಎಚ್-ಇಂಡೆಕ್ಸ್ 4. ಆ 40 ನಾಳೆ 4,000 ಆದರೂ ಅದು ನಾಲ್ಕೇ! ವಯಸ್ಸಾದಂತೆ ಇದು ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಅದರಿಂದ ಮೂವತ್ತರ ಹರೆಯದವರನ್ನು ನಿವೃತ್ತಿಯ ಹತ್ತಿರ ಇರುವವರ ಜತೆ ಹೋಲಿಸುವುದು ಅನ್ಯಾಯ. ವಿಷಯವೂ ಮುಖ್ಯ: ಹೃದ್ರೋಗದ ಬಗ್ಗೆ ಜಗತ್ತೆಲ್ಲ ಬರೆಯುತ್ತದೆ, 1957ರಲ್ಲಿ ಶಿವಮೊಗ್ಗದ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯ ಬಗ್ಗೆ ಬರೆಯುವವರು ತೀರಾ ಕಡಿಮೆ. ಮಲೆನಾಡಿಗೆ ಬೇಕಾದ ಕೆಲಸ ಮಾಡಿದವರ ಅಂಕಿ ಸಣ್ಣದಾಗಿ ಕಂಡರೆ ಅದು ಅವರ ತಪ್ಪಲ್ಲ, ಅಲ್ವಾ? ಗೂಗಲ್ ಸ್ಕಾಲರ್ ಪುಸ್ತಕ, ಥೀಸಿಸ್‌ಗಳನ್ನೂ ಸೇರಿಸುವುದರಿಂದ ಅಲ್ಲಿನ ಅಂಕಿ ಸ್ಕೋಪಸ್‌ಗಿಂತ ಸಾಮಾನ್ಯವಾಗಿ ಜಾಸ್ತಿ. ಒಬ್ಬರದ್ದು ಅಲ್ಲಿಂದ, ಇನ್ನೊಬ್ಬರದ್ದು ಇಲ್ಲಿಂದ ತೆಗೆಯಬೇಡಿ. ತಮ್ಮ ಪೇಪರನ್ನು ತಾವೇ ಉಲ್ಲೇಖಿಸಿದ್ದೆಷ್ಟು ಅನ್ನೋದನ್ನೂ ನೋಡಿ. ಶೇ 2ರ ಪಟ್ಟಿಯಲ್ಲಿ ಅದನ್ನು ಕಳೆದ ಲೆಕ್ಕವೂ ಸಿಗುತ್ತದೆ.

ಅಂಕಿ ಹೇಳದ ಸಂಗತಿ ಏನು ಅಂತ ತಿಳಿಯಬೇಕಾದರೆ ಶಂಭುನಾಥ ಡೇ ಅವರ ದಾಖಲೆ ನೋಡಬೇಕು. ಕಲ್ಕತ್ತದ ಈ ವೈದ್ಯರು 1959ರಲ್ಲಿ ‘ನೇಚರ್’ನಲ್ಲಿ ಒಂದು ಪುಟ್ಟ ಪೇಪರ್ ಬರೆದರು. ಕಾಲರಾ ಬ್ಯಾಕ್ಟೀರಿಯಾ ಬೆಳೆದ ದ್ರವವನ್ನು ಸೋಸಿ, ಬ್ಯಾಕ್ಟೀರಿಯಾ ಇಲ್ಲದಂತೆ ಮಾಡಿ, ಮೊಲದ ಕರುಳಿಗೆ ಹಾಕಿದರೂ ಅಲ್ಲಿ ನೀರು ತುಂಬಿತು. ಅಂದರೆ ಕೆಡಿಸುವುದು ಒಂದು ವಿಷ. ಕಾಲರಾ ಅರ್ಥವಾಗಲು ಅದೇ ಕೀಲಿ. ಆದರೂ ಹಲವು ವರ್ಷ ಅದನ್ನು ಹೆಚ್ಚು ಜನ ಗಮನಿಸಲಿಲ್ಲ. 1985ರಲ್ಲಿ ಡೇ ತೀರಿಕೊಂಡರು. ಮರುವರ್ಷ ಆ ಕೆಲಸದ ಮಹತ್ವವನ್ನು ಸೈಟೇಷನ್ ನಕ್ಷೆಯ ಸಮೇತ ತೋರಿಸಿ ಬರೆದವರು ಯುಜೀನ್ ಗಾರ್ಫೀಲ್ಡ್, ಸೈಟೇಷನ್ ಸೂಚಿಯನ್ನು ಹುಟ್ಟುಹಾಕಿದ ವ್ಯಕ್ತಿ. ಡೇ ಬದುಕಿರುವಾಗ ಅವರ ಅಂಕಿ ಮಾತ್ರ ನೋಡಿ ತೂಗಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ನನಗೆ ಈಗಲೂ ಬೇಜಾರಾಗುತ್ತದೆ.

ಆದ್ದರಿಂದ ಗೂಗಲ್ ಸ್ಕಾಲರ್‌ನಲ್ಲಿ ಮುಖ್ಯ ಪೇಪರ್‌ಗಳ ಕೆಳಗಿನ ‘ಉಲ್ಲೇಖಿಸಿದವರು’ ಕೊಂಡಿ ಒತ್ತಿ. ಯಾರು, ಯಾಕೆ ಉಲ್ಲೇಖಿಸಿದ್ದಾರೆ ಓದಿ. ಬೇರೆ ದೇಶದವರು ಆ ವಿಧಾನ ಬಳಸಿದ್ದಾರಾ, ಚಿಕಿತ್ಸೆಯ ಮಾರ್ಗಸೂಚಿಗೆ ಸೇರಿದೆಯಾ, ಅಥವಾ ತಪ್ಪು ಅಂತ ತೋರಿಸಲು ಹೆಸರಿಸಿದ್ದಾರಾ? ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಸೂಚಿಸಿದ ವೇಕ್‌ಫೀಲ್ಡ್ ಪೇಪರ್ 1998ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ನೋಡಿದ್ದು ಬರೀ 12 ಮಕ್ಕಳನ್ನು. 2010ರಲ್ಲಿ ಜರ್ನಲ್ ಅದನ್ನು ವಾಪಸ್ ಪಡೆಯಿತು. ಅದಕ್ಕೂ ಸಾವಿರಾರು ಸೈಟೇಷನ್ ಇವೆ.

ಕೊನೆಗೆ, ಹೀಗೆ ವಾಪಸ್ ಪಡೆದ ಪೇಪರ್‌ಗಳನ್ನು ಪಟ್ಟಿ ಮಾಡುವ ರಿಟ್ರ್ಯಾಕ್ಷನ್ ವಾಚ್ ದತ್ತಾಂಶದಲ್ಲಿ ಹೆಸರು ಹಾಕಿ ನೋಡಿ. 2023ರಿಂದ ಕ್ರಾಸ್‌ರೆಫ್ ಎಂಬ ಸಂಸ್ಥೆ ಅದನ್ನು ಎಲ್ಲರಿಗೂ ಮುಕ್ತವಾಗಿ ಕೊಡುತ್ತಿದೆ. ಹೆಸರು ಸಿಕ್ಕಿತು ಅಂತ ತಕ್ಷಣ ತೀರ್ಮಾನಕ್ಕೆ ಬರಬೇಡಿ, ಅದೇ ಹೆಸರಿನ ಬೇರೆಯವರೂ ಆಗಿರಬಹುದು. ಕಾರಣದ ಕಾಲಂ ಓದಿ. ಚಿತ್ರ ತಿದ್ದಿದ್ದು ಬೇರೆ, ಲೆಕ್ಕದಲ್ಲಿ ತಪ್ಪಾಗಿದೆ ಅಂತ ಲೇಖಕರೇ ಮುಂದೆ ಬಂದು ಹೇಳಿದ್ದು ಬೇರೆ. ಎರಡನೆಯವರ ಹತ್ತಿರ ಥೀಸಿಸ್ ಮಾಡಲು ನಾನಂತೂ ಹಿಂಜರಿಯುವುದಿಲ್ಲ.