ಬರಿಬೇರಿನ ಗುಲಾಬಿ: ಕಸಿಗಂಟು ಮಣ್ಣಿನ ಮೇಲಿರಲಿ

ಚಳಿಗಾಲದಲ್ಲಿ ದೂರದ ನರ್ಸರಿಗಳಿಂದ ಪಾರ್ಸೆಲ್ ಮೂಲಕ ಬರುವ ಗುಲಾಬಿಯನ್ನು ಮೊದಲ ಸಲ ಬಿಚ್ಚಿ ನೋಡಿದವರಿಗೆ, ದುಡ್ಡು ಕೊಟ್ಟು ಸೌದೆ ತರಿಸಿಕೊಂಡೆವೇನೋ ಎನ್ನಿಸುವುದುಂಟು. ಎಲೆಯಿಲ್ಲದ ಮೂರ್ನಾಲ್ಕು ಮುಳ್ಳುಕಡ್ಡಿ, ಕೆಳಗೆ ಒದ್ದೆ ತೆಂಗಿನ ನಾರಿನಲ್ಲಿ ಸುತ್ತಿದ ಒಂದು ಹಿಡಿ ಬೇರು, ಅಷ್ಟೇ. ಆದರೆ ಮಣ್ಣಿನ ಉಂಡೆಯಿಲ್ಲದ ಈ ಗಿಡಕ್ಕೆ ಒಂದು ದೊಡ್ಡ ಅನುಕೂಲವಿದೆ: ಬೇರು ಆರೋಗ್ಯವಾಗಿದೆಯೋ ಕೊಳೆತಿದೆಯೋ ಎಂಬುದನ್ನು ನೆಡುವ ಮೊದಲೇ ಕಣ್ಣಾರೆ ನೋಡಬಹುದು. ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ನವೆಂಬರ್‌ನಿಂದ ಜನವರಿಯವರೆಗಿನ ತಂಪು ದಿನಗಳು ಇದನ್ನು ನೆಡಲು ತಕ್ಕ ಕಾಲ.

ಗಿಡ ಕೈಸೇರಿದ ದಿನವೇ ಕಟ್ಟು ಬಿಚ್ಚಬೇಕು. ಕಡ್ಡಿಯ ಸಿಪ್ಪೆಯನ್ನು ಉಗುರಿನಿಂದ ತುಸು ಕೆರೆದಾಗ ಒಳಗೆ ಹಸಿರು ಕಂಡರೆ ಜೀವವಿದೆಯೆಂದು ತಿಳಿಯಬಹುದು. ಬೇರನ್ನು ಬಕೆಟ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿಡಬೇಕು. ಒಂದು ದಿನ ದಾಟಿದರೆ ಗಾಳಿಯಿಲ್ಲದೆ ಬೇರು ಉಸಿರುಗಟ್ಟುವುದರಿಂದ ಹೆಚ್ಚು ಹೊತ್ತು ಬಿಡಬಾರದು. ನೆನೆದ ಮೇಲೆ ಕೂಡಲೇ ನೆಡಲಾಗದಿದ್ದರೆ ನೆರಳಿನಲ್ಲಿ ಒದ್ದೆ ಮರಳೊಳಗೆ ಬೇರನ್ನು ಹೂತಿಡಬಹುದು. ಹೊಂಡ ತೋಡುವಾಗ ಗಿಡವನ್ನು ಬಿಸಿಲಿಗೆ ಮಲಗಿಸಿ ಮರೆಯುವುದು ಬಹಳ ಮಂದಿ ಮಾಡುವ ತಪ್ಪು. ಮಣ್ಣಿಗಿಳಿಸುವ ಕೊನೆಯ ಗಳಿಗೆಯವರೆಗೂ ಬೇರು ಒದ್ದೆಯಾಗಿಯೇ ಇರಬೇಕು.

ನೆಡುವ ಮುನ್ನ ಹರಿತವಾದ ಕತ್ತರಿಯಿಂದ ಮುರಿದ ಹಾಗೂ ಕಪ್ಪಾದ ಬೇರುಗಳನ್ನು ತೆಗೆದು, ಮೇಲೆ ಮೂರು ಅಥವಾ ನಾಲ್ಕು ಗಟ್ಟಿ ಕಡ್ಡಿಗಳನ್ನಷ್ಟೇ ಉಳಿಸಿ, ಅವನ್ನು 6ರಿಂದ 8 ಅಂಗುಲ ಎತ್ತರಕ್ಕೆ, ಹೊರಮುಖದ ಕಣ್ಣಿನ (ಚಿಗುರೊಡೆಯುವ ಜಾಗದ) ಸ್ವಲ್ಪ ಮೇಲೆ ಓರೆಯಾಗಿ ಕತ್ತರಿಸಬೇಕು. ಹೊಸಬರಿಗೆ ಇದಕ್ಕೆ ಕೈ ಬರುವುದಿಲ್ಲ. ಆದರೆ ಗಿಡವನ್ನು ಕಿತ್ತಾಗಲೇ ನೀರು ಹೀರುವ ಎಳೆಬೇರುಗಳಲ್ಲಿ ಬಹುಪಾಲು ಹರಿದುಹೋಗಿರುತ್ತವೆ. ಉದ್ದ ಕಡ್ಡಿಗಳೆಲ್ಲ ಒಟ್ಟಿಗೆ ಚಿಗುರಿದರೆ ಆ ಎಲೆಗಳಿಗೆ ನೀರು ಒದಗಿಸುವ ಶಕ್ತಿ ಉಳಿದ ಬೇರಿಗೆ ಇರುವುದಿಲ್ಲ.

ಈಗ ಮುಖ್ಯ ವಿಷಯ. ಕಡ್ಡಿಗಳು ಹೊರಟ ಜಾಗದಲ್ಲಿ, ಬೇರಿನ ಮೇಲ್ಭಾಗದಲ್ಲಿ, ಉಬ್ಬಿದ ಗಂಟೊಂದು ಕಾಣುತ್ತದೆ. ಕಾಡುಗುಲಾಬಿಯ ಬೇರುಸಸ್ಯಕ್ಕೆ ಬೇಕಾದ ತಳಿಯ ಕಣ್ಣನ್ನು ಕೂಡಿಸಿದ ಕಸಿಗಂಟು ಅದು. ಹಿಮ ಬೀಳುವ ದೇಶಗಳ ವಿಡಿಯೊಗಳಲ್ಲಿ ಈ ಗಂಟನ್ನು ಎರಡು ಅಂಗುಲ ಆಳಕ್ಕೆ ಹೂಳಲು ಹೇಳುತ್ತಾರೆ. ಮಣ್ಣು ಹೆಪ್ಪುಗಟ್ಟುವ ಚಳಿಯಿಂದ ಅದನ್ನು ಕಾಪಾಡಲು ಅಲ್ಲಿ ಅದು ಸರಿ. ನಮ್ಮಲ್ಲಿ ಹಿಮದ ಭಯವಿಲ್ಲ. ಇರುವುದು ಮಳೆಗಾಲದ ತೇವ, ಕೊಳೆರೋಗ ಮತ್ತು ಗೆದ್ದಲಿನ ಕಾಟ. ಹೂತ ಗಂಟು ಇಲ್ಲಿ ಸುಲಭವಾಗಿ ಕೊಳೆಯುವುದಲ್ಲದೆ, ಬೇರುಸಸ್ಯದಿಂದ ಏಳುವ ಕಾಡುಚಿಗುರು ಎಲ್ಲಿಂದ ಹೊರಟಿತೆಂಬುದೂ ಗೊತ್ತಾಗುವುದಿಲ್ಲ. ಆದ್ದರಿಂದ ಗಂಟು ಮಣ್ಣಿನ ಮಟ್ಟಕ್ಕಿಂತ ಒಂದರಿಂದ ಎರಡು ಅಂಗುಲ ಮೇಲೆಯೇ ಇರಬೇಕು.

ಪಾತಿಯಲ್ಲಿ ನೆಡುವವರು ದಿನಕ್ಕೆ ಕನಿಷ್ಠ ಆರು ಗಂಟೆ ಬಿಸಿಲು ಬೀಳುವ, ನೀರು ನಿಲ್ಲದ ಜಾಗ ಆರಿಸಿಕೊಂಡು, ಒಂದೂವರೆ ಅಡಿ ಉದ್ದಗಲ ಮತ್ತು ಅಷ್ಟೇ ಆಳದ ಹೊಂಡವನ್ನು ಎರಡು ವಾರ ಮೊದಲೇ ತೋಡಿ ಒಣಗಲು ಬಿಡಬೇಕು. ಮೇಲ್ಮಣ್ಣಿಗೆ ಒಂದು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ, ಒಂದು ಹಿಡಿ ಮೂಳೆ ಪುಡಿ ಬೆರೆಸಿ ಹೊಂಡ ತುಂಬಿ, ನೀರು ಹಾಯಿಸಿ ಕುಸಿಯಲು ಬಿಡಬೇಕು. ಅಂದೇ ತುಂಬಿ ಅಂದೇ ನೆಟ್ಟರೆ ಮಣ್ಣಿನ ಜೊತೆ ಗಿಡವೂ ಇಳಿದು, ಎಷ್ಟೇ ಅಳೆದು ನೆಟ್ಟಿದ್ದರೂ ಗಂಟು ಹೂತುಹೋಗುತ್ತದೆ. ದೊಡ್ಡ ಹೂವಿನ ಹೈಬ್ರಿಡ್ ಟೀ ಗುಲಾಬಿಗಳಿಗೆ ಗಿಡದಿಂದ ಗಿಡಕ್ಕೆ ಎರಡರಿಂದ ಎರಡೂವರೆ ಅಡಿ ಅಂತರ ಬೇಕು; ಪುಟ್ಟ ಗಿಡದ ಮಿನಿಯೇಚರ್ ತಳಿಗಳಿಗೆ ಒಂದು ಅಡಿ ಸಾಕು.

ನೆಡುವಾಗ ಕುಸಿದು ಕೂತ ಮಣ್ಣಿನಲ್ಲಿ ಬೇರು ಹಿಡಿಸುವಷ್ಟು ಮತ್ತೆ ತೋಡಿ, ಹೊಂಡದ ನಡುವೆ ಮಣ್ಣನ್ನು ಗುಪ್ಪೆ ಮಾಡಿ, ಅದರ ಮೇಲೆ ಗಿಡ ಕೂರಿಸಿ, ಬೇರುಗಳನ್ನು ಛತ್ರಿಯ ಕಡ್ಡಿಗಳಂತೆ ಸುತ್ತ ಇಳಿಬಿಡಬೇಕು. ಗುದ್ದಲಿಯ ಕಾವನ್ನು ಹೊಂಡಕ್ಕೆ ಅಡ್ಡ ಇಟ್ಟರೆ ಗಂಟು ಎಷ್ಟು ಮೇಲಿದೆಯೆಂದು ತಿಳಿಯುತ್ತದೆ. ಅರ್ಧ ಮಣ್ಣು ತುಂಬಿದ ಮೇಲೆ ಕೈಯಿಂದ ಒತ್ತಿ, ಒಳಗಿನ ಗಾಳಿಪೊಳ್ಳು ಹೋಗುವಂತೆ ಒಂದು ತಂಬಿಗೆ ನೀರು ಹುಯ್ದು, ಉಳಿದದ್ದನ್ನು ತುಂಬಬೇಕು.

ಕುಂಡದಲ್ಲಿಯೂ ಕ್ರಮ ಇದೇ. ಕುಂಡ 12 ಅಂಗುಲಕ್ಕಿಂತ ಚಿಕ್ಕದಿರಬಾರದು, 14 ಆದರೆ ಇನ್ನೂ ಒಳ್ಳೆಯದು. ತಳದ ತೂತಿನ ಮೇಲೆ ಹೆಂಚಿನ ಚೂರು ಇಟ್ಟು, ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿ ತುಂಬಿದರೆ ಸಾಕು. ಕೋಕೋಪೀಟ್ ಹೆಚ್ಚಾದರೆ ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ನಿಂತಿರುತ್ತದೆ. ಅದನ್ನು ನೋಡದೆ ದಿನವೂ ನೀರು ಹಾಕಿ ಗಿಡ ಕೊಂದವರಲ್ಲಿ ನಾನೂ ಒಬ್ಬ. ಬೆರಳನ್ನು ಒಂದು ಅಂಗುಲ ಒಳಗಿಟ್ಟು ನೋಡಿ, ಒಣಗಿದ್ದರೆ ಮಾತ್ರ ನೀರು ಕೊಡಬೇಕು.

ಮೊದಲ ಹತ್ತು ದಿನ ಕುಂಡವನ್ನು ಬೆಳಕಿರುವ ನೆರಳಿನಲ್ಲಿಟ್ಟು, ಪಾತಿಯ ಗಿಡಕ್ಕೆ ತೆಂಗಿನ ಗರಿಯ ಮರೆ ಕಟ್ಟಬೇಕು. ಚಿಗುರು ಕಂಡೊಡನೆ ರಾಸಾಯನಿಕ ಗೊಬ್ಬರ ಹಾಕುವ ಆಸೆ ಬೇಡ, ಏಕೆಂದರೆ ಕಡ್ಡಿಯಲ್ಲಿ ಕೂಡಿಟ್ಟ ಆಹಾರದ ಬಲದಿಂದಲೇ ಗಿಡ ಚಿಗುರಿರುತ್ತದೆ, ಹೊಸ ಬೇರು ಇನ್ನೂ ಮೂಡಿರುವುದಿಲ್ಲ. ಒಂದು ತಿಂಗಳು ಕಾಯಬೇಕು. ಮೊದಲ ಮೊಗ್ಗುಗಳನ್ನೂ ಕಾಳಿನಷ್ಟಿರುವಾಗಲೇ ಚಿವುಟುವುದು ಲೇಸು, ಮನೆಯವರು ಬೈದರೂ ಸರಿಯೆ.

ಒಂದು ತೊಟ್ಟಿನಲ್ಲಿ ಏಳು ಎಲೆಯಿದ್ದರೆ ಕಾಡುಚಿಗುರು, ಐದಿದ್ದರೆ ಅಸಲಿ ಎಂಬ ರೂಢಿಯ ಲೆಕ್ಕ ಎಲ್ಲ ತಳಿಗಳಿಗೂ ಹೊಂದುವುದಿಲ್ಲ. ಎಷ್ಟೋ ಒಳ್ಳೆಯ ಗುಲಾಬಿಗಳಿಗೂ ಏಳು ಎಲೆ ಬರುತ್ತವೆ. ಚಿಗುರು ಗಂಟಿನ ಕೆಳಗಿನಿಂದ ಹೊರಟಿದೆಯೇ ಎಂಬುದನ್ನೇ ನೋಡಿ, ಹಾಗಿದ್ದರೆ ಕತ್ತರಿಸದೆ ಬುಡಸಮೇತ ಕಿತ್ತುಹಾಕಬೇಕು, ಏಕೆಂದರೆ ಕತ್ತರಿಸಿದ ಮೋಟಿನಿಂದ ಅದು ಮತ್ತೆ ಏಳುತ್ತದೆ. ಮುಂದೆ ವರ್ಷವರ್ಷವೂ ಬುಡಕ್ಕೆ ಗೊಬ್ಬರ ಏರಿಸಿದಾಗಲೆಲ್ಲ ಮಣ್ಣಿನ ಮಟ್ಟ ಮೇಲೇರುತ್ತದೆ. ಆಗ ಗಂಟಿನ ಸುತ್ತಲಿನ ಮಣ್ಣನ್ನು ಬೆರಳಿನಿಂದ ಸರಿಸಿ ಅದನ್ನು ಮತ್ತೆ ಗಾಳಿಗೆ ಬಿಡಬೇಕು.