ಸಿಟಿ ಸ್ಕ್ಯಾನ್‌ನಲ್ಲಿ ಉಂಗುರ ಕಂಡರೆ ನಾನು ಮೊದಲು ನೋಡುವುದು ಅಂಚನ್ನು

ಟಿಬಿ ಅಂದರೆ ಶ್ವಾಸಕೋಶದ ಮೇಲ್ಭಾಗದಲ್ಲಿ ಕ್ಯಾವಿಟಿ, ಅಂದರೆ ಟೊಳ್ಳು; ಸುತ್ತ ಮೊಗ್ಗು ಬಿಟ್ಟ ಕೊಂಬೆಯಂಥ ಚುಕ್ಕೆಗಳು, ಟ್ರೀ-ಇನ್-ಬಡ್. ಅಂಥ ಸಿಟಿ ಬಂದರೆ ರಿಪೋರ್ಟ್ ಬರೆಯಲು ಹೆಚ್ಚು ಹೊತ್ತು ಬೇಕಿಲ್ಲ. ತಲೆ ಕೆಡಿಸುವುದು ರಿವರ್ಸ್ಡ್ ಹೇಲೋ. ನಡುವೆ ತೆಳು ಮಬ್ಬು, ಸುತ್ತ ಗಟ್ಟಿ ಬಿಳಿ ಉಂಗುರ.

2003ರಲ್ಲಿ ಈ ಹೆಸರು ಬಳಕೆಗೆ ಬಂದಾಗ ಇದನ್ನು ಆರ್ಗನೈಸಿಂಗ್ ನ್ಯುಮೋನಿಯಾ ಎಂಬ ಶ್ವಾಸಕೋಶದ ಉರಿಯೂತದ ಗುರುತು ಎಂದೇ ನೋಡುತ್ತಿದ್ದರು. ಈಗಲೂ ಉಂಗುರ ಕಂಡ ಕೂಡಲೇ ಹಲವರ ಬಾಯಿಗೆ ಅದೇ ಬರುತ್ತದೆ. ಅದಕ್ಕೆ ಮದ್ದು ಸ್ಟೀರಾಯ್ಡ್. ಒಳಗಿರುವುದು ಟಿಬಿ ಆಗಿದ್ದು ಬರೀ ಸ್ಟೀರಾಯ್ಡ್ ಕೊಟ್ಟರೆ ಮೈಯ ಪ್ರತಿರೋಧ ಕುಗ್ಗಿ ರೋಗಕ್ಕೆ ನಾವೇ ದಾರಿ ಮಾಡಿಕೊಟ್ಟ ಹಾಗೆ, ಅಲ್ವಾ?

ಒಬ್ಬ ಹೆಂಗಸಿನ ಸಿಟಿ ಹೀಗೇ ಬಂತು. ಬಿಡದ ಕೆಮ್ಮು, ಸಂಜೆ ಹೊತ್ತು ಸಣ್ಣ ಜ್ವರ. ಕಫದಲ್ಲಿ ಟಿಬಿ ಕ್ರಿಮಿ ಹುಡುಕುವ ಸ್ಮಿಯರ್ ಪರೀಕ್ಷೆ ನೆಗೆಟಿವ್. ಎರಡೂ ಕಡೆ ಉಂಗುರಗಳು. ಸ್ಕ್ಯಾನಿನ ದಪ್ಪ ಸ್ಲೈಸ್‌ನಲ್ಲಿ (ಅಡ್ಡ ಸೀಳಿನ ಚಿತ್ರ) ಅಂಚು ನಯವಾಗೇ ಕಾಣುತ್ತಿತ್ತು. 1 ಮಿ.ಮೀ. ಸ್ಲೈಸ್ ತೆಗೆದು ದೊಡ್ಡದು ಮಾಡಿದೆ. ಕೋಡುಬಳೆಯ ಮೈ ಹಾಗೆ ತರಿತರಿ! ಉಂಗುರದ ಗೋಡೆ ತುಂಬಾ ಸಣ್ಣ ಸಣ್ಣ ನಾಡ್ಯೂಲ್ (ಗಂಟು), ಒಳಗಿನ ಮಬ್ಬಿನಲ್ಲೂ ಚೆಲ್ಲಿದ ಹಾಗೆ ಕೆಲವು. ಹಲವು ಸ್ಲೈಸ್ ಒಟ್ಟುಗೂಡಿಸಿ ಬಿಳಿ ಚುಕ್ಕೆಗಳನ್ನು ಎತ್ತಿ ತೋರಿಸುವ ಎಂಐಪಿ ಹಾಕಿದ ಮೇಲಂತೂ ಅನುಮಾನವೇ ಉಳಿಯಲಿಲ್ಲ. ಆರ್ಗನೈಸಿಂಗ್ ನ್ಯುಮೋನಿಯಾದಲ್ಲಿ ಗೋಡೆ ಸಾಮಾನ್ಯವಾಗಿ ಹೀಗಿರುವುದಿಲ್ಲ. ಎದೆಯ ನಡುಭಾಗ ಸ್ಪಷ್ಟವಾಗಿ ಕಾಣುವ ಮೀಡಿಯಾಸ್ಟೈನಲ್ ವಿಂಡೋಗೆ ಬಂದರೆ ಬಲಗಡೆ ಶ್ವಾಸನಾಳದ ಪಕ್ಕ ದುಗ್ಧಗ್ರಂಥಿಗಳು: ನಡು ಕಪ್ಪು, ಅಂಚು ಮಾತ್ರ ಕಾಂಟ್ರಾಸ್ಟ್ (ಸ್ಕ್ಯಾನಿಗೆ ರಕ್ತನಾಳಕ್ಕೆ ಕೊಡುವ ಮದ್ದು) ಹಿಡಿದು ಬೆಳ್ಳಗಿತ್ತು. ಇದು ಟಿಬಿಯ ಕಡೆಗೇ ಬೊಟ್ಟು ಮಾಡುತ್ತದೆ.

ಸಾರ್ಕಾಯ್ಡ್ ಎಂಬ ಇನ್ನೊಂದು ಉರಿಯೂತದ ಕಾಯಿಲೆ ಕೂಡ ಇಂಥ ತರಿ ಉಂಗುರ ಕೊಡುತ್ತದೆ. ಆದರೆ ಆ ಗ್ರಂಥಿಗಳನ್ನು ನೋಡಿದ ಮೇಲೆ ಟಿಬಿಯನ್ನೇ ಮೊದಲು ಬರೆದೆ. 'ಸ್ಟೀರಾಯ್ಡ್‌ಗೆ ಮುಂಚೆ ಬ್ರಾಂಕೋಸ್ಕೋಪಿ (ಶ್ವಾಸನಾಳಕ್ಕೆ ನಳಿಕೆ ಇಳಿಸಿ ನೋಡುವುದು) ಮಾಡಿ' ಅಂತ ವಾರ್ಡಿಗೆ ಫೋನೂ ಮಾಡಿದೆ. ರಿಪೋರ್ಟಿನ ಕೊನೇ ಸಾಲು ಎಷ್ಟು ಜನ ಓದುತ್ತಾರೋ! ಶ್ವಾಸಕೋಶ ತೊಳೆದ ನೀರು ಟಿಬಿ ಕ್ರಿಮಿಯ ಜೀನ್ ಹುಡುಕುವ ಸಿಬಿನ್ಯಾಟ್ ಪರೀಕ್ಷೆಗೆ ಹೋಯಿತು. ಎಂಟಿಬಿ (ಟಿಬಿ ಕ್ರಿಮಿ) ಇದೆ, ಟಿಬಿಯ ಮುಖ್ಯ ಮದ್ದು ರಿಫಾಂಪಿಸಿನ್‌ಗೆ ರೆಸಿಸ್ಟೆನ್ಸ್ ಇಲ್ಲ ಅಂತ ಬಂತು. ಕ್ರಿಮಿ ಬೆಳೆಸಿ ನೋಡುವ ಕಲ್ಚರ್ ನೆಚ್ಚಿಕೊಂಡಿದ್ದರೆ ವಾರಗಟ್ಟಲೆ ಕಾಯಬೇಕಿತ್ತು.

ಉಂಗುರ ಕಂಡಾಗ ನಾನು ತಪ್ಪದೆ ಕೇಳುವ ಇನ್ನೊಂದು ವಿಷಯ ಶುಗರ್. ಅದು ಹದ್ದುಮೀರಿದ್ದರೆ ಮ್ಯೂಕರ್ ಫಂಗಸ್ ಕೂಡ ಇದೇ ವೇಷದಲ್ಲಿ ಬರುತ್ತದೆ. ಅಲ್ಲಿ ಗೋಡೆ ಜಾಸ್ತಿ ದಪ್ಪ, ಒಳಗೆ ಬಲೆಯಂಥ ಗೆರೆಗಳು. ರೋಗಿ ಕೈಜಾರುವುದೂ ಬೇಗ. ಹಾಗಾಗಿ ಶುಗರ್ ರೋಗಿಯ ಉಂಗುರವನ್ನು ನಾಳೆ ನೋಡೋಣ ಅಂತ ಪಕ್ಕಕ್ಕಿಡುವುದಿಲ್ಲ.